ಆಟಕ್ಕುಂಟು ಲೆಕ್ಕಕ್ಕಿಲ್ಲ

ಓಡುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಹಾಲು ಉಕ್ಕುವ ಮೊದಲು ಒಲೆಯ ಬಳಿಗೆ ಓಡುತ್ತೇವೆ. ನಲ್ಲಿ ನಿಂತುಹೋಗುವ ಮೊದಲು ಕೊಡ ಹಿಡಿದು ಓಡುತ್ತೇವೆ. ಶಾಲೆಯ ಗಂಟೆಗೆ, ಬ್ಯಾಂಕಿನ ಸಮಯಕ್ಕೆ, ಹೊರಟು ನಿಂತ ಬಸ್ಸಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತೇವೆ. ಇಷ್ಟು ಓಟಕ್ಕೆ ಗಡಿಯಾರ ಹಿಡಿದು ನಿಂತವರು ಯಾರೂ ಇಲ್ಲ. ಎಷ್ಟು ದೂರ ಓಡಿದೆವು, ಎಷ್ಟು ಹೊತ್ತಿನಲ್ಲಿ ಮುಟ್ಟಿದೆವು ಎಂದು ಯಾರ ಪುಸ್ತಕದಲ್ಲೂ ಬರೆದಿಲ್ಲ.

ಚಿಕ್ಕಂದಿನಲ್ಲಿ ಅಂಗಳದ ಆಟಗಳಲ್ಲಿ ಒಂದು ಮಾತು ಬಳಕೆಯಲ್ಲಿತ್ತು. ತೀರ ಚಿಕ್ಕ ಮಗುವೊಂದು 'ನಾನೂ ಬರ್ತೀನಿ' ಎಂದು ಹಟ ಹಿಡಿದರೆ ಅದನ್ನು ಅಳಿಸುವುದು ಬೇಡವೆಂದು ದೊಡ್ಡ ಮಕ್ಕಳು ಸೇರಿಸಿಕೊಳ್ಳುತ್ತಿದ್ದರು. ಅದು ಎಲ್ಲರ ಜೊತೆ ಓಡಬಹುದು, ಕೂಗಬಹುದು, ಬೀಳಬಹುದು. ಆದರೆ ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರೆ ಮುಗಿಯಿತು. ರಸ್ತೆ ಓಟದ ಸ್ಪರ್ಧೆಗಳ ಚರಿತ್ರೆ ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತು. 1896ರಿಂದ 1972ರವರೆಗೆ, ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ, ಹೆಂಗಸರು ಈ ಆಟದಲ್ಲಿ ಹೀಗೆಯೇ ಇದ್ದರು. ಓಡಿದವರಿದ್ದರು, ಗುರಿ ಮುಟ್ಟಿದವರಿದ್ದರು. ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ರಸ್ತೆ ಓಟದ ಸ್ಪರ್ಧೆ ಎಂದರೆ ಬಹಳ ದೊಡ್ಡ ಏರ್ಪಾಡೇನಲ್ಲ. ಅಳತೆ ಮಾಡಿದ ದಾರಿ, ಓಟಗಾರನ ಎದೆಗೆ ಚುಚ್ಚಿದ ಒಂದು ಅಂಕಿ, ಕೊನೆಯಲ್ಲಿ ಸಮಯ ಬರೆದುಕೊಳ್ಳುವ ಒಬ್ಬ ಮನುಷ್ಯ. ಇವು ಮೂರು ಇದ್ದರೆ ಓಟ ಸ್ಪರ್ಧೆಯಾಗುತ್ತದೆ. ದಾರಿ ಎಲ್ಲರದು, ಅದರ ಮೇಲೆ ಓಡಿದರೆ ತಡೆಯುವುದು ಕಷ್ಟ. ಅಂಕಿ ಮತ್ತು ದಾಖಲೆ ಮಾತ್ರ ವ್ಯವಸ್ಥಾಪಕರ ಕೈಯಲ್ಲಿರುವಂಥವು. ಆದ್ದರಿಂದಲೇ ಹೆಂಗಸರ ಜಗಳ ನಡೆದದ್ದು ದಾರಿಗಾಗಿ ಅಲ್ಲ, ಆ ಅಂಕಿಗಾಗಿ.

ಕಥೆ ಶುರುವಾಗುವುದು ಗ್ರೀಸ್ ದೇಶದಲ್ಲಿ. 1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಮೊದಲ ಬಾರಿಗೆ ನಡೆದಾಗ ಮ್ಯಾರಥಾನ್ ಎಂಬ ಹಳ್ಳಿಯಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಸುಮಾರು 40 ಕಿಲೋಮೀಟರ್ ಓಟವನ್ನು ಏರ್ಪಡಿಸಿದ್ದರು. ಸ್ಪಿರಿಡನ್ ಲೂಯಿಸ್ ಎಂಬ ಗ್ರೀಕ್ ಯುವಕ ಅದನ್ನು ಗೆದ್ದು ದೇಶಕ್ಕೇ ವೀರನಾದ. ಅದೇ ಓಟಕ್ಕೆ ಹೆಸರು ಕೊಡಲು ಬಂದ ಇನ್ನೊಬ್ಬಳಿದ್ದಳು. ಸ್ಟಮಾತಾ ರೆವಿಥಿ ಎಂದು ಅವಳ ಹೆಸರು. ಕಡುಬಡವಿ. ಏಳು ವರ್ಷದ ಮಗನನ್ನು ಕಳೆದುಕೊಂಡವಳು. ಕಂಕುಳಲ್ಲಿ ಒಂದೂವರೆ ವರ್ಷದ ಇನ್ನೊಂದು ಮಗು. ಓಡಿ ಹೆಸರಾದರೆ ಏನಾದರೂ ಕೆಲಸ ಸಿಕ್ಕೀತೆಂಬ ಆಸೆ ಅವಳದು. ಹೆಸರು ಕೊಡುವ ಗಡುವು ಮುಗಿಯಿತೆಂದು ಅವಳನ್ನು ಸೇರಿಸಿಕೊಳ್ಳಲಿಲ್ಲ. ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಏನೆಂದು ಎಲ್ಲರಿಗೂ ಗೊತ್ತಿತ್ತು.

ರೆವಿಥಿ ಮನೆಗೆ ಹೋಗಲಿಲ್ಲ. ಗಂಡಸರು ಓಡಿದ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅದೇ ಹಳ್ಳಿಯಿಂದ ಅದೇ ದಾರಿಯಲ್ಲಿ ಒಬ್ಬಳೇ ಹೊರಟಳು. ಹೊರಡುವ ಮೊದಲು ಒಂದು ಕೆಲಸ ಮಾಡಿದಳು. ತಾನು ಹೊರಟ ಸಮಯವನ್ನು ಒಂದು ಕಾಗದದಲ್ಲಿ ಬರೆಸಿ ಊರಿನ ಮುಖ್ಯಸ್ಥರ ಸಹಿ ಹಾಕಿಸಿಕೊಂಡಳು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಅಥೆನ್ಸ್ ತಲುಪಿದಳು. ಅಲ್ಲಿಯೂ ಎದುರಾದ ಅಧಿಕಾರಿಗಳಿಂದ ತಲುಪಿದ ಸಮಯಕ್ಕೆ ಸಹಿ ಪಡೆದಳು. ಕ್ರೀಡಾಂಗಣದ ಒಳಗೆ ಅವಳಿಗೆ ಪ್ರವೇಶವಿರಲಿಲ್ಲ. ಆಮೇಲೆ ಅವಳು ಎಲ್ಲಿ ಹೋದಳು, ಕೆಲಸ ಸಿಕ್ಕಿತೇ, ಮಗು ಬದುಕಿತೇ, ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ. ನನ್ನ ಮನಸ್ಸಿನಲ್ಲಿ ನಿಂತದ್ದು ಅವಳ ಐದೂವರೆ ಗಂಟೆಯ ಓಟಕ್ಕಿಂತ ಆ ಕಾಗದ. ಓಡಿದರೆ ಸಾಲದು, ಬರೆದಿಟ್ಟ ಸಾಕ್ಷಿ ಬೇಕು ಎಂದು ಆ ಬಡ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಡುವು ಮುಗಿಯಿತೆಂಬ ನೆಪ ಒಂದು ಸಲಕ್ಕೆ ಸಾಕು. ಎಂದೆಂದಿಗೂ ಹೊರಗಿಡಬೇಕಾದರೆ ಗಟ್ಟಿ ಕಾರಣ ಬೇಕು. ಆ ಕಾರಣವನ್ನು ವೈದ್ಯರೂ ಪತ್ರಿಕೆಗಳೂ ಸೇರಿ ಒದಗಿಸಿದ್ದು 1928ರಲ್ಲಿ. ಆ ವರ್ಷ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಬಾರಿಗೆ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದಳು. ಬೆಳ್ಳಿ ಪಡೆದವಳು ಜಪಾನಿನ ಕಿನುಯೆ ಹಿತೋಮಿ. ಅವಳು ನೆಚ್ಚಿಕೊಂಡಿದ್ದದ್ದು 100 ಮೀಟರ್ ಓಟವನ್ನು. ಅದರಲ್ಲಿ ಸೋತು, ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆಂದು ಅಭ್ಯಾಸವೇ ಇಲ್ಲದ 800 ಮೀಟರಿಗೆ ಇಳಿದಿದ್ದಳು. ಒಲಿಂಪಿಕ್ ಪದಕ ಗೆದ್ದ ಮೊದಲ ಜಪಾನಿ ಹೆಂಗಸು ಅವಳೇ.

ಓಟದ ಕೊನೆಯಲ್ಲಿ ಬಳಲಿ ನೆಲಕ್ಕೆ ಒರಗಿದವರಿದ್ದರು. ಗಂಡಸರ ಓಟ ಮುಗಿದಾಗಲೂ ಇದೇ ನೋಟ, ಅದಕ್ಕೆ ಯಾರೂ ಹೌಹಾರುತ್ತಿರಲಿಲ್ಲ. ಆದರೆ ಮರುದಿನದ ಪತ್ರಿಕೆಗಳಲ್ಲಿ ಬಂದ ವರದಿಗಳೇ ಬೇರೆ. ಹನ್ನೊಂದು ಜನ ಓಡಿದರು, ಐವರು ಅರ್ಧಕ್ಕೇ ಬಿಟ್ಟರು, ಇನ್ನೈವರು ಕೊನೆಯಲ್ಲಿ ಕುಸಿದರು ಎಂದು ಒಬ್ಬ ವರದಿಗಾರ ಬರೆದ. ನಿಜವಾಗಿ ಓಡಿದವರು ಒಂಬತ್ತು ಜನ, ಒಂಬತ್ತು ಜನರೂ ಗುರಿ ಮುಟ್ಟಿದ್ದರು. ಲೆಕ್ಕವನ್ನೇ ತಪ್ಪಾಗಿ ಎಣಿಸಿದ ವರದಿಯನ್ನು ಜಗತ್ತು ನಂಬಿತು. 800 ಮೀಟರ್ ಹೆಣ್ಣಿನ ದೇಹಕ್ಕೆ ಮೀರಿದ್ದು ಎಂದು ಒಲಿಂಪಿಕ್ಸಿನಿಂದ ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 32 ವರ್ಷಗಳ ನಂತರ, 1960ರ ರೋಮ್ ಒಲಿಂಪಿಕ್ಸಿನಲ್ಲಿ. ಹಿತೋಮಿ ಅದನ್ನು ನೋಡಲು ಇರಲಿಲ್ಲ. 1931ರಲ್ಲಿ, ತನ್ನ 24ನೆಯ ವಯಸ್ಸಿನಲ್ಲೇ ಅವಳು ಕಾಯಿಲೆಯಿಂದ ತೀರಿಕೊಂಡಿದ್ದಳು.

800 ಮೀಟರಿಗೇ ಈ ಗತಿಯಾದರೆ 42 ಕಿಲೋಮೀಟರಿನ ಮಾತೆಲ್ಲಿ ಬಂತು? ದೂರ ಓಡಿದರೆ ಹೆಣ್ಣಿನ ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ, ಮೀಸೆ ಬರುತ್ತದೆ ಎಂದು 1960ರ ದಶಕದಲ್ಲೂ ಓದಿದವರೇ ಹೇಳುತ್ತಿದ್ದರು. ಇದನ್ನು ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗರ್ಭಕೋಶ ಜಾರುವ ತೊಂದರೆ ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟು ಮನೆಗಳಲ್ಲಿತ್ತು! ಅದು ಓಡಿ ಬಂದದ್ದಲ್ಲ. ಬಿಡುವಿಲ್ಲದ ಹೆರಿಗೆಗಳಿಂದ, ಬಾಣಂತನ ಮುಗಿಯುವ ಮುಂಚೆಯೇ ಎತ್ತಿದ ಕೊಡಗಳಿಂದ, ಹೊತ್ತ ಹೊರೆಗಳಿಂದ ಬಂದದ್ದು. ಎರಡೆರಡು ಕೊಡ ಹೊತ್ತು ಮೈಲಿ ನಡೆಯುವ ಬಾಣಂತಿಯನ್ನು ತಡೆದು 'ತಾಯಿ, ಇದು ನಿನ್ನ ದೇಹಕ್ಕೆ ಆಗದು' ಎಂದು ಯಾವ ದೇಶದ ಯಾವ ಸಮಿತಿಯೂ ನಿಯಮ ಮಾಡಲಿಲ್ಲ. ಹೆಣ್ಣಿನ ಮೈ ನಾಜೂಕು ಎಂಬುದು ಅವಳು ತನ್ನ ಖುಷಿಗಾಗಿ ಏನಾದರೂ ಮಾಡಹೊರಟಾಗ ಮಾತ್ರ ನೆನಪಾಗುತ್ತಿತ್ತು ಎನ್ನಿಸುತ್ತದೆ.

ಈ ಭಯ ಎಷ್ಟು ಆಳಕ್ಕಿಳಿದಿತ್ತೆಂಬುದಕ್ಕೆ 1964ರ ಒಂದು ಉದಾಹರಣೆ ಸಾಕು. ಸ್ಕಾಟ್ಲೆಂಡಿನ ಡೇಲ್ ಗ್ರೇಗ್ ಎಂಬಾಕೆ ಇಂಗ್ಲೆಂಡಿನ ವೈಟ್ ದ್ವೀಪದ ಮ್ಯಾರಥಾನ್ ಓಡಲು ಬಂದಾಗ ವ್ಯವಸ್ಥಾಪಕರು ಅವಳನ್ನು ಗಂಡಸರಿಗಿಂತ ನಾಲ್ಕು ನಿಮಿಷ ಮೊದಲೇ ಬೇರೆಯಾಗಿ ಓಡಿಸಿ, ಹಿಂದೆ ಒಂದು ಆಂಬುಲೆನ್ಸ್ ಕಳಿಸಿದರು. ಎಲ್ಲಿ ಬೀಳುತ್ತಾಳೋ ಎತ್ತಿಕೊಳ್ಳಲು ಸಿದ್ಧವಾಗಿ ಆ ಗಾಡಿ ಅವಳ ಬೆನ್ನಹಿಂದೆಯೇ ಬಂತು. ಡೇಲ್ ಬೀಳಲಿಲ್ಲ. 3 ಗಂಟೆ 27 ನಿಮಿಷ 45 ಸೆಕೆಂಡಿನಲ್ಲಿ ಓಟ ಮುಗಿಸಿದಳು. ಆಂಬುಲೆನ್ಸ್ ಖಾಲಿಯಾಗಿಯೇ ವಾಪಸಾಯಿತು.

ಇನ್ನು ಅಮೆರಿಕದ ಬೋಸ್ಟನ್ ನಗರಕ್ಕೆ ಬರೋಣ. 1897ರಿಂದ ನಡೆದುಬಂದಿರುವ ಬೋಸ್ಟನ್ ಮ್ಯಾರಥಾನ್ ಜಗತ್ತಿನ ಅತ್ಯಂತ ಹಳೆಯ ವಾರ್ಷಿಕ ಮ್ಯಾರಥಾನ್. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಹಾಪ್‌ಕಿಂಟನ್ ಎಂಬ ಸಣ್ಣ ಊರಿನಿಂದ ಬೋಸ್ಟನ್ನಿನವರೆಗೆ ಓಡುತ್ತಾರೆ. 1966ರಲ್ಲಿ ಇದಕ್ಕೆ ಅರ್ಜಿ ಹಾಕಿದ 23 ವರ್ಷದ ಬಾಬಿ ಗಿಬ್‌ಗೆ ಒಂದು ಉತ್ತರ ಬಂತು. ಹೆಂಗಸರಿಗೆ ಅಷ್ಟು ದೂರ ಓಡುವ ದೈಹಿಕ ಶಕ್ತಿಯಿಲ್ಲ, ನಿಯಮದಲ್ಲಿ ಅವರಿಗೆ ಒಂದೂವರೆ ಮೈಲಿಗಿಂತ ಹೆಚ್ಚಿನ ಓಟವಿಲ್ಲ ಎಂಬುದು ಅದರ ಸಾರಾಂಶ. ಬಾಬಿ ಆಗ ಕ್ಯಾಲಿಫೋರ್ನಿಯಾದಲ್ಲಿದ್ದಳು. ದಿನವೂ ಅದಕ್ಕಿಂತ ಎಷ್ಟೋ ಪಟ್ಟು ದೂರ ಓಡುತ್ತಿದ್ದವಳು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಗಟ್ಟಲೆ ಬಸ್ಸಿನಲ್ಲಿ ಕುಳಿತು ಬೋಸ್ಟನ್ ಹತ್ತಿರದ ತವರಿಗೆ ಬಂದಳು. ಓಟದ ದಿನ ತಾಯಿ ಕಾರಿನಲ್ಲಿ ಅವಳನ್ನು ಹಾಪ್‌ಕಿಂಟನ್ನಿಗೆ ಕರೆದೊಯ್ದರು. ಅಪ್ಪನಿಗೆ ಮಗಳ ತಲೆ ಕೆಟ್ಟಿದೆ ಅನ್ನಿಸಿತ್ತು. ಅಮ್ಮ ಮಾತ್ರ ಗಾಡಿ ತೆಗೆದರು. ಓದುವ ನಿಮಗೂ ಇಂಥ ಒಬ್ಬ ಅಮ್ಮ ನೆನಪಾಗಬಹುದು.

ಅಣ್ಣತಮ್ಮಂದಿರ ಚಡ್ಡಿ, ಅದಕ್ಕೊಂದು ಹಗ್ಗದ ಪಟ್ಟಿ, ತಲೆಯವರೆಗೆ ಮುಚ್ಚುವ ನೀಲಿ ಅಂಗಿ ತೊಟ್ಟು ಬಾಬಿ ಆರಂಭದ ಗೆರೆಯ ಹತ್ತಿರ ಪೊದೆಯೊಳಗೆ ಅಡಗಿ ಕುಳಿತಳು. ಅರ್ಧದಷ್ಟು ಗಂಡಸರು ಮುಂದೆ ಹೋದ ಮೇಲೆ ಹೊರಗೆ ಬಂದು ಗುಂಪಿನಲ್ಲಿ ಸೇರಿಕೊಂಡಳು. ಹಿಂದೆ ಓಡುತ್ತಿದ್ದವರಿಗೆ ಸ್ವಲ್ಪ ಹೊತ್ತಿನಲ್ಲೇ ಇದು ಹೆಣ್ಣೆಂದು ತಿಳಿಯಿತು. ಸೆಕೆಯಾದರೂ ಅಂಗಿ ತೆಗೆಯಲು ಅವಳಿಗೆ ಹೆದರಿಕೆ. ಆಗ ಪಕ್ಕದಲ್ಲಿ ಓಡುತ್ತಿದ್ದ ಗಂಡಸರು 'ನಿನ್ನನ್ನು ಹೊರಗೆ ಹಾಕಲು ನಾವು ಬಿಡುವುದಿಲ್ಲ' ಎಂದು ಧೈರ್ಯ ಹೇಳಿದರು. ಇದನ್ನು ಮರೆಯದೆ ಹೇಳಬೇಕು. ಜೊತೆಗೆ ಬೆವರು ಸುರಿಸಿ ಓಡುತ್ತಿದ್ದ ಗಂಡಸರಿಗೆ ಅವಳಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ನಿಯಮದ ಪುಸ್ತಕ ಹಿಡಿದು ನಿಂತವರಿಗೆ. ದಾರಿಯಲ್ಲಿ ವೆಲ್ಲೆಸ್ಲಿ ಎಂಬಲ್ಲಿ ಹೆಣ್ಣುಮಕ್ಕಳ ಕಾಲೇಜೊಂದಿದೆ. ಒಬ್ಬ ಹೆಂಗಸು ಓಡಿಬರುತ್ತಿದ್ದಾಳೆಂಬ ಸುದ್ದಿ ಮುಂಚೆಯೇ ತಲುಪಿ ಹುಡುಗಿಯರೆಲ್ಲ ರಸ್ತೆಯ ಬದಿಗೆ ಬಂದು ಕೂಗಿ, ಅತ್ತು, ಕುಣಿದಾಡಿದರು. ಬಾಬಿ 3 ಗಂಟೆ 21 ನಿಮಿಷ 40 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ಓಡಿದ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಜನ ಅವಳ ಹಿಂದಿದ್ದರು. ರಾಜ್ಯದ ಗವರ್ನರ್ ಬಂದು ಕೈಕುಲುಕಿದರು. ಆದರೆ ಅವಳ ಎದೆಯ ಮೇಲೆ ಅಂಕಿಯಿರಲಿಲ್ಲವಲ್ಲ, ಫಲಿತಾಂಶದ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮರುವರ್ಷ, 1967ರಲ್ಲಿ, ಅಂಕಿ ಧರಿಸಿಯೇ ಓಡಿದವಳು ಕ್ಯಾಥರಿನ್ ಸ್ವಿಟ್ಜರ್. ಸಿರಾಕ್ಯೂಸ್ ವಿಶ್ವವಿದ್ಯಾಲಯದ 20 ವರ್ಷದ ವಿದ್ಯಾರ್ಥಿನಿ. ಅಲ್ಲಿ ಅವಳಿಗೆ ಓಟ ಕಲಿಸುತ್ತಿದ್ದವರು ಆರ್ನಿ ಬ್ರಿಗ್ಸ್ ಎಂಬ ಅಂಚೆಯವರು. ಬೋಸ್ಟನ್ ಓಟವನ್ನು ಹದಿನೈದು ಸಲ ಓಡಿದವರು. ಹೆಂಗಸಿಗೆ ಮ್ಯಾರಥಾನ್ ಸಾಧ್ಯವಿಲ್ಲ ಎಂಬುದು ಅವರ ನಂಬಿಕೆಯೂ ಆಗಿತ್ತು. ಆದರೆ ಅಭ್ಯಾಸದಲ್ಲಿ ಅಷ್ಟು ದೂರ ಓಡಿ ತೋರಿಸಿದರೆ ತಾನೇ ಬೋಸ್ಟನ್ನಿಗೆ ಕರೆದೊಯ್ಯುತ್ತೇನೆ ಎಂದರು. ಅವಳು ಮ್ಯಾರಥಾನಿಗಿಂತ ಐದು ಮೈಲಿ ಹೆಚ್ಚೇ ಓಡಿ ತೋರಿಸಿದಳು. ನಿಯಮಾವಳಿಯನ್ನು ತೆಗೆದು ನೋಡಿದರು. ಹೆಂಗಸರು ಓಡಬಾರದೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹೆಂಗಸೊಬ್ಬಳು ಬರಬಹುದೆಂದು ಯಾರಿಗೂ ಹೊಳೆದೇ ಇರಲಿಲ್ಲ! ತಾನು ಯಾವಾಗಲೂ ಮಾಡುತ್ತಿದ್ದಂತೆ ಕೆ.ವಿ. ಸ್ವಿಟ್ಜರ್ ಎಂದು ಸಹಿ ಹಾಕಿ ಅರ್ಜಿ ಕಳಿಸಿದಳು. 261ನೆಯ ಅಂಕಿ ಸಿಕ್ಕಿತು.

ಎರಡು ಮೈಲಿ ಕಳೆದಿರಬಹುದು. ಪತ್ರಕರ್ತರ ಗಾಡಿ ಪಕ್ಕದಲ್ಲಿ ಬಂತು. ಸ್ಪರ್ಧೆಯ ಅಧಿಕಾರಿ ಜಾಕ್ ಸೆಂಪಲ್ ಕೋಪದಿಂದ ಹಾರಿಬಂದು ಅವಳನ್ನು ಹಿಡಿದು, ಎದೆಯ ಮೇಲಿನ ಅಂಕಿಯನ್ನು ಕಿತ್ತುಕೊಳ್ಳಲು ನೋಡಿದರು. ಅವಳ ಜೊತೆ ಓಡುತ್ತಿದ್ದ ಸ್ನೇಹಿತ ಟಾಮ್ ಮಿಲ್ಲರ್ ಹ್ಯಾಮರ್ ಎಸೆತದ ಪಟು. ಭುಜ ಕೊಟ್ಟು ಒಂದೇ ಏಟಿಗೆ ಸೆಂಪಲ್ ಅವರನ್ನು ರಸ್ತೆಯ ಅಂಚಿಗೆ ತಳ್ಳಿದ. ಗಾಡಿಯಲ್ಲಿದ್ದ ಕ್ಯಾಮೆರಾಗಳು ಇದನ್ನೆಲ್ಲ ಹಿಡಿದವು. ಮರುದಿನ ಆ ಚಿತ್ರಗಳು ಜಗತ್ತಿನಾದ್ಯಂತ ಅಚ್ಚಾದವು. ಕ್ಯಾಥರಿನ್ ನಿಲ್ಲಲಿಲ್ಲ. ಹೆದರಿದ್ದಳು, ನಾಚಿಕೆಯಾಗಿತ್ತು, ಅಳು ಬರುತ್ತಿತ್ತು. ಈಗ ಬಿಟ್ಟರೆ ಹೆಂಗಸರಿಗೆ ಆಗುವುದೇ ಇಲ್ಲ ಎನ್ನುತ್ತಾರೆ ಎಂದು ಸುಮಾರು 4 ಗಂಟೆ 20 ನಿಮಿಷ ಓಡಿ ಮುಗಿಸಿದಳು. ಅಂದು ಬಾಬಿ ಗಿಬ್ ಕೂಡ ಅಂಕಿಯಿಲ್ಲದೆ ಓಡಿ ಅವಳಿಗಿಂತ ಸುಮಾರು ಒಂದು ಗಂಟೆ ಮೊದಲೇ ಮುಟ್ಟಿದ್ದಳು. ಬಾಬಿಯನ್ನು ಯಾರೂ ಹಿಡಿದು ಎಳೆಯಲಿಲ್ಲ. ಏಕೆಂದರೆ ಅವಳ ಮೈಮೇಲೆ ಕಿತ್ತುಕೊಳ್ಳುವಂಥದೇನೂ ಇರಲಿಲ್ಲ. ಹೆಂಗಸು ರಸ್ತೆಯಲ್ಲಿ ಓಡಿದ್ದಕ್ಕಲ್ಲ ಸಿಟ್ಟು, ಲೆಕ್ಕಕ್ಕೆ ಬಂದದ್ದಕ್ಕೆ.

ಓಟದ ಸಂಘಟನೆ ಕ್ಯಾಥರಿನ್ನಳನ್ನು ಹೊರಹಾಕಿತು. ಆದರೆ ಚಿತ್ರಗಳನ್ನು ಹೊರಹಾಕಲು ಆಗಲಿಲ್ಲ. ಐದು ವರ್ಷ ಹೆಂಗಸರು ಪತ್ರ ಬರೆದರು, ವಾದಿಸಿದರು, ಅಂಕಿಯಿಲ್ಲದೆ ಓಡುತ್ತಲೇ ಇದ್ದರು. 1972ರ ಏಪ್ರಿಲಿನಲ್ಲಿ ಬೋಸ್ಟನ್ ಮ್ಯಾರಥಾನ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡಿತು. ಎಂಟು ಜನ ಹೊರಟರು, ಎಂಟು ಜನವೂ ಮುಟ್ಟಿದರು. 3 ಗಂಟೆ 10 ನಿಮಿಷ 26 ಸೆಕೆಂಡಿನಲ್ಲಿ ಮೊದಲು ಬಂದ ನೀನಾ ಕುಸ್ಸಿಕ್ ಮೂರು ಮಕ್ಕಳ ತಾಯಿ. ಮರುವರ್ಷ ಆರಂಭದ ಗೆರೆಯಲ್ಲಿ ಜಾಕ್ ಸೆಂಪಲ್ ತಾವೇ ಕ್ಯಾಥರಿನ್ನಳ ಹತ್ತಿರ ಬಂದು ಕೆನ್ನೆಗೆ ಮುತ್ತಿಟ್ಟರು. ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿದ್ದರು.

ಒಂದು ಬಾಗಿಲು ತೆರೆದರೆ ಎಲ್ಲ ತೆರೆಯುವುದಿಲ್ಲ. ಅದೇ 1972ರ ಅಕ್ಟೋಬರ್ 1ರಂದು ನ್ಯೂಯಾರ್ಕ್ ಮ್ಯಾರಥಾನ್. ಹೆಂಗಸರು ಓಡಬಹುದು, ಆದರೆ ಗಂಡಸರಿಗಿಂತ ಹತ್ತು ನಿಮಿಷ ಮೊದಲು, ಬೇರೆಯಾಗಿ ಎಂದು ನಿಯಮ ಬಂತು. ಒಂದೇ ಮನೆಯಲ್ಲಿ ಬೇರೆ ಪಂಕ್ತಿ ಹಾಕಿದಂತೆ. ಆರು ಜನ ಹೆಂಗಸರು ಆರಂಭದ ಗೆರೆಗೆ ಬಂದರು. ಅವರ ಪಾಲಿನ ಗುಂಡು ಹಾರಿತು. ಆರೂ ಜನ ನೆಲದ ಮೇಲೆ ಕುಳಿತುಬಿಟ್ಟರು. ಕೈಯಲ್ಲಿ ಪ್ರತಿಭಟನೆಯ ಫಲಕಗಳು. ಹತ್ತು ನಿಮಿಷ ಕುಳಿತು, ಗಂಡಸರ ಗುಂಡು ಹಾರಿದಾಗ ಎದ್ದು ಅವರ ಜೊತೆ ಓಡಿದರು. ನಮ್ಮ ದೇಶದಲ್ಲಿ ಧರಣಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಓಡಲು ಬಂದವರು ಕುಳಿತು ಗೆದ್ದದ್ದನ್ನು ನಾನು ಇನ್ನೆಲ್ಲೂ ಓದಿಲ್ಲ. ಮೊದಲು ಅವರ ಸಮಯಕ್ಕೆ ಹತ್ತು ನಿಮಿಷ ಸೇರಿಸಿ ಬರೆದರು. ಆಮೇಲೆ ಆ ನಿಯಮವೂ ಹೋಯಿತು, ಸೇರಿಸಿದ ನಿಮಿಷಗಳೂ ಹೋದವು.

ವೈದ್ಯರ ಮಾತಿಗೆ ವೈದ್ಯರೇ ಉತ್ತರ ಕೊಡಬೇಕಿತ್ತು. ಕೊಟ್ಟವರು ಜರ್ಮನಿಯ ವಾಲ್ಡ್‌ನೀಲ್ ಎಂಬ ಸಣ್ಣ ಊರಿನ ಡಾ. ಅರ್ನ್‌ಸ್ಟ್ ಫಾನ್ ಆಕೆನ್. ದೂರದ ಓಟಕ್ಕೆ ಬೇಕಾದದ್ದು ತಾಳಿಕೆ, ಅದು ಹೆಂಗಸರಲ್ಲಿ ಧಾರಾಳವಾಗಿದೆ ಎಂದು ಅವರು ವರ್ಷಗಳಿಂದ ಹೇಳುತ್ತಾ ಬಂದಿದ್ದರು. 1972ರಲ್ಲಿ ಓಡುತ್ತಿದ್ದಾಗ ಕಾರು ಬಡಿದು ಅವರು ಎರಡೂ ಕಾಲು ಕಳೆದುಕೊಂಡರು. ಎರಡೇ ವರ್ಷಕ್ಕೆ, 1974ರ ಸೆಪ್ಟೆಂಬರಿನಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು ಹೆಂಗಸರಿಗಾಗಿಯೇ ಅಂತರರಾಷ್ಟ್ರೀಯ ಮ್ಯಾರಥಾನ್ ನಡೆಸಿದರು. ಹಲವು ದೇಶಗಳಿಂದ ಹೆಂಗಸರು ಬಂದು ಓಡಿದರು. ಜರ್ಮನಿಯ ಲಿಯಾನೆ ವಿಂಟರ್ 2 ಗಂಟೆ 50 ನಿಮಿಷ 31 ಸೆಕೆಂಡಿನಲ್ಲಿ ಗೆದ್ದಳು. ತನಗೆ ಕಾಲಿಲ್ಲದ ಮನುಷ್ಯ ಜಗತ್ತಿನ ಹೆಂಗಸರ ಕಾಲಿನ ಪರವಾಗಿ ವಾದ ಗೆದ್ದದ್ದು ಹೀಗೆ.

1978ರಲ್ಲಿ ನ್ಯೂಯಾರ್ಕ್ ಮ್ಯಾರಥಾನಿಗೆ ನಾರ್ವೆ ದೇಶದಿಂದ ಒಬ್ಬ ಶಾಲಾ ಶಿಕ್ಷಕಿ ಬಂದಳು. ಗ್ರೇಟೆ ವೈಟ್ಸ್. ಅಷ್ಟು ದೂರ ಅವಳು ಎಂದೂ ಓಡಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಸೇರಿದ್ದರಿಂದ ಅಚ್ಚಾದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. 1173 ಎಂಬ ಅಂಕಿ ಧರಿಸಿ ಮೊದಲು ಬಂದವಳು ಯಾರೆಂದು ಘೋಷಕರಿಗೇ ಗೊತ್ತಾಗಲಿಲ್ಲ. 2 ಗಂಟೆ 32 ನಿಮಿಷ 30 ಸೆಕೆಂಡು. ಅದು ಹೊಸ ವಿಶ್ವದಾಖಲೆ. ಕಾಲು ಸೆಟೆದು ನೋವು ತಡೆಯಲಾರದೆ, ಇಂಥ ಕೆಲಸಕ್ಕೆ ಹಚ್ಚಿದೆಯಲ್ಲ ಎಂದು ಗಂಡನ ಮೇಲೆ ಬೂಟು ಎಸೆದಳಂತೆ! ಆಮೇಲೆ ಅದೇ ಓಟವನ್ನು ಒಟ್ಟು ಒಂಬತ್ತು ಸಲ ಗೆದ್ದಳು.

ಇಷ್ಟಾದ ಮೇಲೆ ಒಲಿಂಪಿಕ್ಸ್ ಸುಮ್ಮನಿರುವುದು ಕಷ್ಟವಾಯಿತು. 1981ರಲ್ಲಿ ಒಪ್ಪಿಗೆ ಸಿಕ್ಕಿ 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಳು. ಆಯ್ಕೆಯ ಓಟಕ್ಕೆ ಹದಿನೇಳು ದಿನ ಮೊದಲು ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆದರೆ ನನಗೆ ಆ ದಿನ ನೆನಪಿನಲ್ಲುಳಿಯುವುದು 37ನೆಯವಳಾಗಿ ಬಂದ ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಅವಳಿಂದ. ಬಿಸಿಲಿಗೆ ಬಸವಳಿದು, ಒಂದು ಕೈ ಜೋತುಬಿದ್ದು, ಒಂದು ಕಾಲು ಎಳೆಯುತ್ತಾ ಕ್ರೀಡಾಂಗಣದೊಳಗೆ ಬಂದಳು. ವೈದ್ಯರು ಹತ್ತಿರ ಬಂದರೆ ದೂರ ಸರಿಯುತ್ತಿದ್ದಳು. ಆಗಿನ ನಿಯಮದಂತೆ ಅವರು ಮುಟ್ಟಿದರೆ ಓಟ ಅನರ್ಹವಾಗುತ್ತಿತ್ತು. ಮೈಯಲ್ಲಿ ಬೆವರು ಇನ್ನೂ ಇದೆ ಎಂಬುದನ್ನು ನೋಡಿ ವೈದ್ಯರೂ ಬಿಟ್ಟರು. ಕೊನೆಯ ಒಂದು ಸುತ್ತಿಗೇ ಐದು ನಿಮಿಷ ಮುಕ್ಕಾಲು ಹಿಡಿಯಿತು. ಗೆರೆ ದಾಟಿ ಕುಸಿದಳು, ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡಳು.

1928ರಲ್ಲಿ ನೆಲಕ್ಕೊರಗಿದವರ ಹೆಸರಿನಲ್ಲಿ ಒಂದು ಓಟವನ್ನೇ ಮೂವತ್ತೆರಡು ವರ್ಷ ಮುಚ್ಚಿದ್ದರು. 1984ರಲ್ಲಿ ಅದಕ್ಕಿಂತ ಭಯಂಕರವಾದದ್ದನ್ನು ಇಡೀ ಜಗತ್ತು ಟೆಲಿವಿಷನ್ನಿನಲ್ಲಿ ನೋಡಿತು. ಓಟ ನಿಲ್ಲಲಿಲ್ಲ. ಹೆಣ್ಣಿನ ದೇಹ ಆ ಐವತ್ತಾರು ವರ್ಷಗಳಲ್ಲಿ ಬದಲಾಗಿರಲಿಲ್ಲ. ಅವಳು ಕುಸಿದರೆ ಅದು ಒಬ್ಬ ಓಟಗಾರ್ತಿಯ ಬಳಲಿಕೆ, ಹೆಣ್ಣುಕುಲದ ದೌರ್ಬಲ್ಯವಲ್ಲ ಎಂದು ನೋಡುವವರ ಕಣ್ಣು ಬದಲಾಗಿತ್ತು. ಲೆಕ್ಕಕ್ಕೆ ಬರುವುದೆಂದರೆ ಗೆಲ್ಲುವ ಹಕ್ಕಷ್ಟೇ ಅಲ್ಲ, ಸೋಲುವ ಹಕ್ಕೂ ಹೌದು.

ನಮ್ಮ ದೇಶಕ್ಕೆ ಈ ಗಾಳಿ ತಡವಾಗಿಯೇನೂ ಬೀಸಲಿಲ್ಲ. 1985ರಲ್ಲೇ ಆಶಾ ಅಗರ್‌ವಾಲ್ ಹಾಂಗ್‌ಕಾಂಗ್ ಮ್ಯಾರಥಾನ್ ಗೆದ್ದು ಬಂದರು. ಆ ವರ್ಷದ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು. ಆದರೆ ಅವರು ಕ್ರೀಡಾಪಟು. ನಮ್ಮ ನಿಮ್ಮಂಥವರು ರಸ್ತೆಗಿಳಿಯುವ ಕಾಲ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತಿದೆ. 2012ರಲ್ಲಿ ಮುಂಬಯಿಯಲ್ಲಿ ಹೆಂಗಸರಿಗೆಂದೇ ಪಿಂಕಥಾನ್ ಶುರುವಾಗಿ ಬೇರೆ ಊರುಗಳಿಗೂ ಬಂತು. ಅದರಲ್ಲಿ ಸೀರೆಯುಟ್ಟು, ಬೂಟು ಹಾಕಿ ಓಡಿದವರಿದ್ದಾರೆ.

ನಾನೂ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಓಡಿದ್ದೇನೆ. ಈಗ ಅಂಕಿಯ ಕಾಗದದ ಹಿಂದೆ ಒಂದು ಸಣ್ಣ ಚಿಪ್ ಅಂಟಿಸಿರುತ್ತಾರೆ. ಆರಂಭದ ಗೆರೆಯಲ್ಲೂ ಕೊನೆಯಲ್ಲೂ ನೆಲಕ್ಕೆ ಹಾಸಿದ ಚಾಪೆಯನ್ನು ತುಳಿದಾಗ ಅದು ನಮ್ಮ ಸಮಯವನ್ನು ತಾನೇ ದಾಖಲಿಸುತ್ತದೆ. ಸಾವಿರಾರು ಜನರ ಹಿಂದೆ ನಿಂತು ಹೊರಟರೂ ನಮ್ಮ ಗಡಿಯಾರ ನಾವು ಗೆರೆ ದಾಟಿದಾಗಲೇ ಶುರು. ನಾಲ್ಕು ಪಿನ್ನು ಚುಚ್ಚಿ ಆ ಕಾಗದವನ್ನು ಎದೆಗೆ ಸಿಕ್ಕಿಸಿಕೊಂಡಾಗ ಆದ ಭಾವನೆಯನ್ನು ಹೇಳಿದರೆ ನಗುತ್ತೀರಿ. ಎಸ್ಸೆಸ್ಸೆಲ್ಸಿಯ ಹಾಲ್ ಟಿಕೆಟ್ಟಿನ ನಂತರ ನನಗೇ ಅಂತ ಒಂದು ಅಂಕಿ ಸಿಕ್ಕಿದ್ದು ಅದೇ ಮೊದಲು. ರೇಷನ್ ಕಾರ್ಡಿನಲ್ಲಿ, ಗ್ಯಾಸಿನ ಪುಸ್ತಕದಲ್ಲಿ ಇರುವುದೆಲ್ಲ ಮನೆಯ ಅಂಕಿಗಳು. ಆರನೆಯ ಕಿಲೋಮೀಟರಿನಲ್ಲಿ ಉಸಿರು ಕಟ್ಟಿ ನಡೆದೆ, ಎಂಟರಲ್ಲಿ ಮತ್ತೆ ಓಡಿದೆ. ಮುಗಿಸಿದ ಸಮಯ ಹೇಳಿಕೊಳ್ಳುವಂಥದಲ್ಲ. ಆದರೆ ಅದು ಒಂದು ಕಡೆ ಬರೆದಿದೆ, ನನ್ನ ಹೆಸರಿನ ಎದುರು.

ಇಂಥ ಕೂಟಗಳಲ್ಲಿ ಸಮಯ ಅಳೆಯದ ಮೋಜಿನ ಓಟವೂ ಇರುತ್ತದೆ. 'ನಿಮಗೆ ಅದೇ ಸಾಕಲ್ಲವಾ?' ಎಂದು ನನ್ನಂಥವರಿಗೆ ಹೇಳುವವರು ಸಿಗುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಅದರಲ್ಲಿ ಓಡುವುದು ತಪ್ಪೇನಲ್ಲ, ಖುಷಿಯೂ ಇದೆ. ಆದರೆ ಯಾವುದು ಸಾಕು ಎಂಬುದನ್ನು ನಾವೇ ನಿರ್ಧರಿಸಬೇಕು. ನಿಯಮ ಹೋದರೂ ಅಡ್ಡಿಗಳು ಹೋಗಿಲ್ಲ. ಬೆಳಗಿನ ಐದು ಗಂಟೆಯ ಕತ್ತಲ ರಸ್ತೆ, ಬೀದಿನಾಯಿಗಳು, ಹಿಂದಿನಿಂದ ಬರುವ ಮಾತುಗಳು, ಎಂಟು ಗಂಟೆಗೆ ಮನೆಯವರಿಗೆಲ್ಲ ಆಗಬೇಕಾದ ತಿಂಡಿ. ಇವುಗಳನ್ನು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ, ತೆಗೆದುಹಾಕಲು ಯಾವ ಸಮಿತಿಗೂ ಅರ್ಜಿ ಕೊಡಲಾಗದು.

ಬೋಸ್ಟನ್ನಿನವರು 1996ರಲ್ಲಿ, ತಮ್ಮ ನೂರನೆಯ ಓಟದ ಸಂದರ್ಭದಲ್ಲಿ, ಒಂದು ಒಳ್ಳೆಯ ಕೆಲಸ ಮಾಡಿದರು. 1966, 1967, 1968ರ ಓಟಗಳಲ್ಲಿ ಹೆಂಗಸರ ಪೈಕಿ ಗೆದ್ದವಳು ಬಾಬಿ ಗಿಬ್ ಎಂದು ಒಪ್ಪಿ ದಾಖಲೆಗೆ ಸೇರಿಸಿದರು. ಅಷ್ಟು ಹೊತ್ತಿಗೆ ಅವಳು ಮೊದಲು ಓಡಿ ಮೂವತ್ತು ವರ್ಷವಾಗಿತ್ತು. 2017ರಲ್ಲಿ 70 ವರ್ಷದ ಕ್ಯಾಥರಿನ್ ಸ್ವಿಟ್ಜರ್ ಅದೇ 261 ಧರಿಸಿ ಬೋಸ್ಟನ್ನಿನಲ್ಲಿ ಮತ್ತೆ ಓಡಿದಳು. ಕಿತ್ತುಕೊಳ್ಳಲು ಯಾರೂ ಬರಲಿಲ್ಲ. ಇನ್ನು ಮುಂದೆ ಆ ಅಂಕಿಯನ್ನು ಯಾರಿಗೂ ಕೊಡುವುದಿಲ್ಲವೆಂದು ವ್ಯವಸ್ಥಾಪಕರೇ ಹೇಳಿದರು.

ನಿಮ್ಮ ಊರಿನಲ್ಲೂ ಈಗ ದಸರೆಗೋ ರಾಜ್ಯೋತ್ಸವಕ್ಕೋ ಮಹಿಳಾ ದಿನಕ್ಕೋ ಒಂದು ಓಟ ಏರ್ಪಾಡಾಗುತ್ತಿರಬಹುದು. ಅದರ ಅರ್ಜಿಯಲ್ಲಿ ಹೆಸರು, ವಯಸ್ಸು ಆದಮೇಲೆ ಗಂಡು, ಹೆಣ್ಣು ಎಂದು ಎರಡು ಸಣ್ಣ ಚೌಕಗಳಿರುತ್ತವೆ. ಗುರುತು ಹಾಕಲು ಅರೆಗಳಿಗೆ ಸಾಕು. ಆ ಎರಡನೆಯ ಚೌಕ ಅರ್ಜಿಯಲ್ಲಿ ಅಚ್ಚಾಗಲು, ಹಳ್ಳಿಯ ಮುಖ್ಯಸ್ಥನ ಸಹಿ ಪಡೆದು ರೆವಿಥಿ ಹೊರಟ ದಿನದಿಂದ ಎಪ್ಪತ್ತಾರು ವರ್ಷ ಹಿಡಿಯಿತು.